ಸಮಸಂಖ್ಯೆಯ ಕಣಿವೆ

ಫೆಬ್ರುವರಿ 3

ಅತ್ತೆ,

ನಿಮ್ಮ ಪತ್ರ ಬಂದು ಹತ್ತಿರ ಹತ್ತಿರ ಒಂದು ತಿಂಗಳಾಯಿತು. ಕೆಲಸ ಹೆಚ್ಚಾಗಿ ಉತ್ತರ ತಡವಾಯಿತು ಎಂದು ಬರೆಯಲು ಹೊರಟೆ. ಅದು ಪೂರ್ತಿ ನಿಜವಲ್ಲ. ನಿಮ್ಮನ್ನು ಏನೆಂದು ಕರೆಯಬೇಕು ಎಂಬಲ್ಲೇ ಪೆನ್ನು ನಿಂತಿತ್ತು. ನಿಮ್ಮ ಮಗನೂ ನಾನೂ ಸಹಿ ಹಾಕಿ ಬೇರೆಯಾಗಿ ಎರಡು ವರ್ಷ ಕಳೆದ ಮೇಲೂ 'ಅತ್ತೆ' ಎನ್ನಬಹುದೋ ಇಲ್ಲವೋ ತಿಳಿಯದು. ಬೇರೆ ಪದ ಹುಡುಕಿದೆ, ಸಿಗಲಿಲ್ಲ.

ನಿಮ್ಮ ಕಿವಿಗೆ ಈಗ ಫೋನಿನ ಮಾತು ತಿಳಿಯುವುದೇ ಇಲ್ಲ ಎಂದು ಬರೆದಿದ್ದೀರಿ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿ ಊರಿನವರ ಮಾತನ್ನೆಲ್ಲ ಕೇಳಿ ಕೇಳಿ ಕಿವಿಗೆ ಸಾಕಾಗಿರಬೇಕು ಎಂದು ನೀವು ತಮಾಷೆ ಮಾಡಿದ್ದೀರಿ. ನನಗೆ ನಗು ಬರಲಿಲ್ಲ. ಇರಲಿ, ಪತ್ರವೇ ಆಗಲಿ.

"ಆ ಕೋಣೆಯಲ್ಲಿ ಕೂತು ನೀನು ಮಾಡುವುದಾದರೂ ಏನು? ನೀನು ನಮ್ಮ ಮನೆಯಲ್ಲಿದ್ದಾಗ ಕೇಳಲು ಸಂಕೋಚವಾಗುತ್ತಿತ್ತು" ಎಂದು ಕೇಳಿದ್ದೀರಿ. ಹೇಳಲು ಪ್ರಯತ್ನಿಸುತ್ತೇನೆ.

ಉಗುರಿಗಿಂತ ಚಿಕ್ಕದಾದ ಒಂದು ಚಿಪ್. ಅದರೊಳಗೆ ಎಲೆಕ್ಟ್ರಾನುಗಳು ತಟ್ಟೆಯ ಮೇಲಿನ ನೀರಿನ ಹಾಗೆ ತೆಳ್ಳಗೆ ಹರಡಿಕೊಂಡಿರುತ್ತವೆ. ಮೇಲೆ ಕೂದಲಿಗಿಂತ ಎಷ್ಟೋ ಸಣ್ಣಗಿನ ಲೋಹದ ಗೆರೆಗಳು. ಆ ಗೆರೆಗಳಿಗೆ ವೋಲ್ಟೇಜ್ ಕೊಟ್ಟರೆ ಎಲೆಕ್ಟ್ರಾನುಗಳು ಅತ್ತಿತ್ತ ಸರಿದು, ನಡುವಿನ ಒಂದು ಗುಳಿಯಲ್ಲಿ ಕೆಲವೇ ಕೆಲವು ಸಿಕ್ಕಿಬೀಳುತ್ತವೆ. ಇದಕ್ಕೆ ಕ್ವಾಂಟಂ ಡಾಟ್ ಎಂದು ಹೆಸರು. ನಾವು ಚುಕ್ಕಿ ಎನ್ನೋಣ. ಎಡದಿಂದ ಒಂದು ಎಲೆಕ್ಟ್ರಾನ್ ಒಳಗೆ ಬಂದು ಬಲದಿಂದ ಒಂದು ಹೊರಗೆ ಹೋದರೆ ಕರೆಂಟು. ಆದರೆ ಒಳಗಿರುವವು ಹೊಸಬರನ್ನು ಸುಲಭಕ್ಕೆ ಬಿಟ್ಟುಕೊಳ್ಳುವುದಿಲ್ಲ, ತುಂಬಿದ ಬಸ್ಸಿನ ಬಾಗಿಲಲ್ಲಿ ನಿಂತವರ ಹಾಗೆ. ತಣ್ಣಗಾದಷ್ಟೂ ನುಗ್ಗುವವರ ಕಸುವು ಕಡಿಮೆ, ಬಾಗಿಲು ಇನ್ನೂ ಭದ್ರ. ನಾನು ಗುಂಡಿ ತಿರುಗಿಸುತ್ತಾ ಹೋದ ಹಾಗೆ ಕರೆಂಟು ಏರಿ ಇಳಿಯುತ್ತದೆ: ಬೆಟ್ಟ, ಕಣಿವೆ, ಮತ್ತೆ ಬೆಟ್ಟ. ಪ್ರತಿ ಕಣಿವೆಯಲ್ಲೂ ಒಳಗೆ ಇಂತಿಷ್ಟೇ ಎಲೆಕ್ಟ್ರಾನು, ಬಾಗಿಲು ಬಂದ್.

ಇದೆಲ್ಲ ನಡೆಯುವುದು ಸೂರಿನಿಂದ ಇಳಿಬಿಟ್ಟ, ನನ್ನ ಎತ್ತರದ ಒಂದು ಲೋಹದ ಪೀಪಾಯಿಯೊಳಗೆ. ನಾವು ಅದನ್ನು ಫ್ರಿಜ್ ಎಂದೇ ಕರೆಯುತ್ತೇವೆ. ಲೋಕದಲ್ಲಿ ಇದಕ್ಕಿಂತ ತಣ್ಣಗೆ ಇರಲಿಕ್ಕೆ ಸಾಧ್ಯವಿಲ್ಲ ಎನ್ನುವ ಮಟ್ಟ ಒಂದಿದೆಯಲ್ಲ, ಅದರ ಹೊಸ್ತಿಲವರೆಗೂ ಅದು ಹೋಗುತ್ತದೆ.

ಅರ್ಥವಾಯಿತೋ ಇಲ್ಲವೋ ತಿಳಿಸಿ. ಆಗದಿದ್ದರೆ ತಪ್ಪು ನನ್ನದು.

ನಿಮ್ಮ


ಫೆಬ್ರುವರಿ 16

ಹುಡುಗಿ,

ಕೊನೆಯಲ್ಲಿ ಬರೀ 'ನಿಮ್ಮ' ಎಂದು ಬರೆದು ಬಿಟ್ಟಿದ್ದೀಯಲ್ಲ, ನಮ್ಮ ಏನು? ನಮ್ಮ ಬಾಡಿಗೆದಾರಳೋ, ನಮ್ಮ ಬೀದಿಯವಳೋ? ಸಹಿ ಹಾಕಿ ಬೇರೆಯಾದವರು ನೀವಿಬ್ಬರು. ಆ ಕಾಗದದ ಮೇಲೆ ನನ್ನ ಸಹಿ ಯಾರೂ ಕೇಳಿರಲಿಲ್ಲ. ಮುಂದಿನ ಪತ್ರದಲ್ಲಿ ಸೊಸೆ ಎಂದು ಬರೆ.

ನಿನ್ನ ಪತ್ರವನ್ನು ಮೂರು ಸಲ ಓದಿದೆ. ಅಡುಗೆಮನೆಯ ಮೇಜಿನ ಮೇಲೆ ಹರಡಿಕೊಂಡು ಓದುತ್ತಿರುವಾಗ ನಿನ್ನ ಗಂಡ, ಅಲ್ಲ, ನನ್ನ ಮಗ ಬಂದ. ಕಿವಿ ಹೋದ ಮೇಲೆ ನಾನು ತುಟಿ ನೋಡಿ ಮಾತು ಹಿಡಿಯುತ್ತೇನೆ, ಅದಕ್ಕೇ ಅವನು ಎದುರಿಗೇ ನಿಂತು ಕೇಳಿದ.

"ಏನಮ್ಮಾ ಅದು, ಅಷ್ಟು ಪುಟ?"

"ಎಲೆಕ್ಟ್ರಾನು."

"ನಿಂಗೇನು ಗೊತ್ತಾಗುತ್ತೆ ಎಲೆಕ್ಟ್ರಾನು?"

"ನಿಂಗಿಂತ ಚೆನ್ನಾಗೇ ಗೊತ್ತಾಗುತ್ತೆ. ನಂಗೆ ಬರೆದು ಹೇಳೋರಿದಾರೆ."

ಟೀ ಸೋಸಲು ಹೋದ.

ಈಗ ನನ್ನ ಪ್ರಶ್ನೆ. ನಮ್ಮ ಕಾಲದಲ್ಲಿ ಲೈನ್ ಎಂಗೇಜ್ ಇದ್ದರೂ ನಾವು ಆಪರೇಟರುಗಳು ಮಧ್ಯೆ ನುಗ್ಗುತ್ತಿದ್ದೆವು. "ಟ್ರಂಕ್ ಕಾಲ್ ಇದೆ, ಬೇಗ ಮುಗಿಸಿ" ಎಂದರೆ ಎಂಥವರೂ ಬಿಟ್ಟುಕೊಡುತ್ತಿದ್ದರು. ನಿನ್ನ ಚುಕ್ಕಿಯಲ್ಲಿ ಬಾಗಿಲು ಬಂದ್ ಎಂದೆ. ಬಂದ್ ಎಂದರೆ ಯಾವತ್ತೂ ಬಂದೇ? ಒಬ್ಬರಾದರೂ ನುಗ್ಗುವವರು ಇಲ್ಲವೇ?

ನಿನ್ನ ಅತ್ತೆ


ಮಾರ್ಚ್ 28

ಅತ್ತೆ,

ನೀವು ಸುಮ್ಮನೆ ಕೇಳಿದ ಪ್ರಶ್ನೆಯ ಸುತ್ತಲೇ ಇಷ್ಟು ದಿನ ತಿರುಗುತ್ತಿದ್ದೆ.

ನುಗ್ಗುವವರು ಇದ್ದಾರೆ. ಒಳಗಿನ ಎಲೆಕ್ಟ್ರಾನುಗಳ ಸಂಖ್ಯೆ ಬೆಸವಾಗಿದ್ದರೆ ಒಂದು ಮಾತ್ರ ಜೋಡಿ ಇಲ್ಲದೆ ಉಳಿಯುತ್ತದೆ. ಉಳಿದವು ಎರಡೆರಡಾಗಿ ತಮ್ಮ ಪಾಡಿಗೆ ತಾವಿರುತ್ತವೆ. ಚೆನ್ನಾಗಿ ತಣ್ಣಗೆ ಮಾಡಿದರೆ ಹೊರಗಿನ ಎಲೆಕ್ಟ್ರಾನುಗಳೆಲ್ಲ ಈ ಒಂಟಿಯ ಕಡೆ ವಾಲುತ್ತವೆ, ಅದರ ಜೊತೆ ಸೇರುತ್ತವೆ, ಆ ಸೇರುವಿಕೆಯಲ್ಲೇ ಮುಚ್ಚಿದ ಕಣಿವೆಯಲ್ಲಿ ಕರೆಂಟು ಹರಿಯುತ್ತದೆ. ಎಲ್ಲ ಕಡೆ ತಂಪು ಬಾಗಿಲು ಮುಚ್ಚಿದರೆ ಇಲ್ಲಿ ತೆರೆಯುತ್ತದೆ. ಇದು ಹೊಸದಲ್ಲ. ನಾನು ಓದುತ್ತಿದ್ದಾಗಲೇ ಪುಸ್ತಕಕ್ಕೆ ಬಂದಿತ್ತು.

ಹೊಸದು ಬೇರೆ. ನಮ್ಮ ಈ ಚುಕ್ಕಿಯಲ್ಲಿ ಒಂದು ಸಮಸಂಖ್ಯೆಯ ಕಣಿವೆಯೂ ತೆರೆಯುತ್ತಿದೆ. ಅಲ್ಲಿ ಒಂಟಿ ಯಾರೂ ಇಲ್ಲ. ಸಮಸಂಖ್ಯೆಯಲ್ಲೂ ಕೆಲವೊಮ್ಮೆ ಹೀಗಾಗುವುದಕ್ಕೆ ಗೊತ್ತಿರುವ ಕಾರಣಗಳಿವೆ. ಅವನ್ನೆಲ್ಲ ಒಂದೊಂದಾಗಿ ಹಾಕಿ ನೋಡಿದೆ. ಒಂದೂ ಹೊಂದಲಿಲ್ಲ. ಇನ್ನೂ ವಿಚಿತ್ರವೆಂದರೆ, ತಣ್ಣಗಾದಂತೆ ಕರೆಂಟು ಏರುತ್ತಾ ಏರುತ್ತಾ ಹೋಗಿ, ಲೆಕ್ಕದ ಪ್ರಕಾರ ಇನ್ನೂ ಏರಬೇಕಾದ ಕಡೆ ಸುಮ್ಮನೆ ನಿಂತುಬಿಡುತ್ತದೆ. ಮೊದಲ ಸಲ ಕಂಡಾಗ ಕುರ್ಚಿ ಹಿಂದಕ್ಕೆ ತಳ್ಳಿ ಕೋಣೆಯಲ್ಲಿ ಒಂದು ಸುತ್ತು ಹಾಕಿದೆ. ನಲವತ್ತು ದಾಟಿದ ಮೇಲೆ ಹೀಗೆ ಎದೆ ಹೊಡೆದುಕೊಳ್ಳುವುದು ಒಳ್ಳೆಯದೋ ಕೆಟ್ಟದ್ದೋ.

ಅಕ್ಟೋಬರಿನಲ್ಲಿ ಈ ವಿದ್ಯೆಯವರ ದೊಡ್ಡ ಸಭೆಯಿದೆ. ಮಾತಾಡಲು ಕರೆದಿದ್ದಾರೆ. ಇಷ್ಟು ವರ್ಷ ಬೇರೆಯವರ ಕೆಲಸಕ್ಕೆ ಬಾಲ ಸೇರಿಸಿದ್ದೇನೆ. ಇದು ನನ್ನದು ಎನ್ನಬಹುದಾದ ಮೊದಲನೆಯದು.

ಆದರೆ ಏರುವುದು ನಿಂತಿದ್ದಕ್ಕೆ ಎರಡು ಕಾರಣ ಇರಬಹುದು. ಒಂದು, ಎಲೆಕ್ಟ್ರಾನುಗಳು ನಿಜವಾಗಿಯೂ ಏನೋ ಹೊಸದನ್ನು ಮಾಡುತ್ತಿವೆ. ಇನ್ನೊಂದು, ಅವು ತಣ್ಣಗಾಗುವುದನ್ನೇ ನಿಲ್ಲಿಸಿವೆ. ನಮ್ಮ ಥರ್ಮಾಮೀಟರ್ ಕೂತಿರುವುದು ತಾಮ್ರದ ತಟ್ಟೆಯ ಮೇಲೆ. ಅದು ತಟ್ಟೆಯ ತಂಪನ್ನು ಹೇಳುತ್ತದೆ, ಎಲೆಕ್ಟ್ರಾನಿನದ್ದನ್ನಲ್ಲ. ಬೆಚ್ಚಗಿನ ಕೋಣೆಯಿಂದ ಚುಕ್ಕಿಯವರೆಗೆ ತಂತಿಗಳು ಇಳಿಯುತ್ತವೆ. ಪ್ರತಿ ತಂತಿಯನ್ನೂ ದಾರಿಯಲ್ಲಿ ತಣ್ಣನೆಯ ತಾಮ್ರದ ಗೂಟಗಳಿಗೆ ಸುತ್ತಿ, ಅಂಟು ಹಚ್ಚಿ, ಬಿಸಿಯನ್ನು ಅಲ್ಲಲ್ಲೇ ಇಳಿಸಿಕೊಳ್ಳಬೇಕು. ಒಂದು ತಂತಿಯನ್ನು ಕೊನೆಯ ಗೂಟಕ್ಕೆ ಸುತ್ತದೆ ಬಿಟ್ಟಿದ್ದರೂ ಸಾಕು, ಅದರ ಮೂಲಕ ಬಿಸಿ ಇಳಿದು ಎಲೆಕ್ಟ್ರಾನು ಬೆಚ್ಚಗೇ ಉಳಿಯುತ್ತದೆ. ತಟ್ಟೆ ಮಾತ್ರ ತಣ್ಣಗಿರುತ್ತದೆ. ಬೇರೆ ಚುಕ್ಕಿಯಾಗಿದ್ದರೆ ಬೆಟ್ಟಗಳ ಅಗಲ ನೋಡಿ ಎಲೆಕ್ಟ್ರಾನಿನ ತಾಪ ಹೇಳಬಹುದಿತ್ತು. ಇದರಲ್ಲಿ ಅಗಲ ಬೇರೆ ಕಾರಣಕ್ಕೆ ಬಂದಿದೆ, ಆ ದಾರಿಯೂ ಇಲ್ಲ.

ತೆಗೆದು ನೋಡಬಹುದಲ್ಲ ಎನ್ನುವಿರಿ. ತೆಗೆಯಬೇಕಾದರೆ ಫ್ರಿಜ್ ಬೆಚ್ಚಗಾಗಬೇಕು. ಬೆಚ್ಚಗಾಗಿ ಮತ್ತೆ ತಣ್ಣಗಾದ ಚುಕ್ಕಿ ಅದೇ ಚುಕ್ಕಿಯಲ್ಲ. ಚಿಪ್ಪಿನೊಳಗೆ ಅಲ್ಲಲ್ಲಿ ಸಿಕ್ಕಿಕೊಂಡ ಎಲೆಕ್ಟ್ರಾನುಗಳು ಬೆಚ್ಚಗಾದಾಗ ಕದಲುತ್ತವೆ, ತಣ್ಣಗಾದಾಗ ಬೇರೆಲ್ಲೋ ಕೂರುತ್ತವೆ, ಗುಳಿಯ ಆಕಾರವೇ ಬದಲಾಗುತ್ತದೆ. ನೋಡಬೇಕೆಂದರೆ ಕಳೆದುಕೊಳ್ಳಬೇಕು.

ನಿಮ್ಮ ಸೊಸೆ


ಏಪ್ರಿಲ್ 9

ಹುಡುಗಿ,

ಇಷ್ಟುದ್ದ ಬರೆದವಳು ಒಂದನ್ನು ಮಾತ್ರ ಬರೆದಿಲ್ಲ. ಆ ತಂತಿಗಳನ್ನು ಸುತ್ತಿದವರು ಯಾರು?

ನೀನು ಹೇಳದಿದ್ದರೂ ನನಗೆ ಗೊತ್ತು. ನಿನ್ನ ಜೊತೆ ಆ ಕೋಣೆಯಲ್ಲೇ ಕೆಲಸಕ್ಕಿದ್ದವನು, ಬಿಟ್ಟು ಬರುವ ಮುಂಚೆ ರಾತ್ರಿ ಹಗಲೆನ್ನದೆ ಆ ತಂತಿಗಳಲ್ಲೇ ಬಿದ್ದಿದ್ದ. ನೀನು ಆ ತಿಂಗಳು ನಿನ್ನ ಅಕ್ಕನ ಮನೆಯಲ್ಲಿದ್ದೆ. ಆ ಕೋಣೆಗೆ ಕಾಲಿಡಲಿಲ್ಲ. ಆದ್ದರಿಂದ ಕೊನೆಯ ಗೂಟಕ್ಕೆ ಸುತ್ತಿದ್ದಾನೋ ಇಲ್ಲವೋ ನಿನಗೆ ಗೊತ್ತಿಲ್ಲ. ಕೇಳಲು ಬಾಯಿ ಬರುತ್ತಿಲ್ಲ. ಸರಿಯೋ?

ನಿನ್ನ ಪರವಾಗಿ ನಾನೇ ಕೇಳಿದೆ. ಸೋಫಾದಲ್ಲಿ ಕೂತು ಪೇಪರ್ ಓದುತ್ತಿದ್ದ. ಪೇಪರನ್ನು ಕೆಳಗಿಳಿಸಿ ಮುಖ ನೋಡಿದೆ, ಇಲ್ಲದಿದ್ದರೆ ತುಟಿ ಕಾಣುವುದಿಲ್ಲ.

"ಫ್ರಿಜ್‌ನೊಳಗೆ ಕೊನೇ ಗೂಟಕ್ಕೆ ಎಲ್ಲಾ ತಂತಿನೂ ಸುತ್ತಿದ್ಯಾ?"

ಪೇಪರ್ ಮಡಚಿಟ್ಟ. "ಅವಳು ಕೇಳಿದ್ಲಾ?"

"ನಾನು ಕೇಳ್ತಿದೀನಿ. ನಂಗೂ ಎಲೆಕ್ಟ್ರಾನು ಬೇಕು."

"ಸುತ್ತಿದೀನಮ್ಮಾ. ಎಲ್ಲಾನೂ. ಒಂದೂ ಬಿಟ್ಟಿಲ್ಲ."

ಇದೇ ಅವನ ಉತ್ತರ. ಈಗ ನಿನಗೆ ಫ್ರಿಜ್ ತೆಗೆಯುವ ಕಷ್ಟ ಇಲ್ಲ. ಧೈರ್ಯವಾಗಿ ಹೋಗಿ ಸಭೆಯಲ್ಲಿ ಮಾತಾಡು.

ನಿನ್ನ ಅತ್ತೆ


ಏಪ್ರಿಲ್ 20

ಅತ್ತೆ,

ನಿಮ್ಮ ಪತ್ರ ಓದಿ ಒಂದು ದಿನ ಹಗುರಾಗಿದ್ದೆ. ಎರಡನೆಯ ದಿನದಿಂದ ಮತ್ತೆ ಶುರುವಾಯಿತು.

ನಿಮ್ಮ ಮಗನ ಬಗ್ಗೆ ನಿಮಗೆ ಬರೆಯುವುದು ಸರಿಯಲ್ಲ, ಆದರೂ ಬರೆಯುತ್ತೇನೆ. ಸ್ನಾನದ ಮನೆಯ ನಲ್ಲಿ ರಿಪೇರಿ ಆಯಿತಾ ಎಂದರೆ ಆಯಿತು ಎನ್ನುತ್ತಿದ್ದ. ವಾಷರ್ ಇನ್ನೂ ಜೇಬಿನಲ್ಲಿರುತ್ತಿತ್ತು. ಅವನ ಲೆಕ್ಕದಲ್ಲಿ ಅದು ಸುಳ್ಳಲ್ಲ. ಏನು ಮಾಡಬೇಕೆಂದು ತಲೆಯಲ್ಲಿ ಸ್ಪಷ್ಟವಾದರೆ ಅವನಿಗೆ ಕೆಲಸ ಮುಗಿದ ಹಾಗೆ. ನನಗೆ ಮುಗಿದ ಮೇಲೂ ಮುಗಿದ ಹಾಗಲ್ಲ, ಮತ್ತೊಮ್ಮೆ ಎದ್ದು ಹೋಗಿ ನಲ್ಲಿ ತಿರುಗಿಸಿ ನೋಡಬೇಕು. ಇಂಥ ಇಬ್ಬರು ಒಂದೇ ಮನೆಯಲ್ಲಿ ಅಷ್ಟು ವರ್ಷ ಇದ್ದದ್ದೇ ಹೆಚ್ಚು.

ನನ್ನನ್ನೇ ಕೇಳಿಕೊಳ್ಳುತ್ತಿದ್ದೇನೆ: ಆ ತಂತಿ ಸುತ್ತಿದವರು ಯಾರೋ ಅಪರಿಚಿತರಾಗಿದ್ದರೆ ಇಷ್ಟು ಅನುಮಾನ ಪಡುತ್ತಿದ್ದೆನೇ? ಅಥವಾ ಇನ್ನೂ ಹೆಚ್ಚೇ? ಫ್ರಿಜ್ ತೆಗೆಯಬೇಕೆಂದು ಅನಿಸುತ್ತಿರುವುದು ವಿಜ್ಞಾನಕ್ಕೋ, ಅವನು ಮತ್ತೊಮ್ಮೆ ಅರ್ಧಕ್ಕೆ ಬಿಟ್ಟದ್ದನ್ನು ಕಣ್ಣಾರೆ ಕಾಣುವುದಕ್ಕೋ? ಎರಡನೆಯದಾದರೆ ತೆಗೆಯಕೂಡದು. ಹಾಗೆಂದು ತೆಗೆಯದೆ ಇದ್ದರೆ, ಸಭೆಯಲ್ಲಿ ಯಾರಾದರೂ ಎದ್ದು "ಎಲೆಕ್ಟ್ರಾನು ತಣ್ಣಗಿತ್ತು ಅಂತ ನಿಮಗೆ ಹೇಗೆ ಗೊತ್ತು?" ಎಂದರೆ, "ನನ್ನ ಮಾಜಿ ಗಂಡ ಅವರ ತಾಯಿಗೆ ಹೇಳಿದರು, ಅವರು ನನಗೆ ಬರೆದರು" ಎನ್ನಬೇಕಾಗುತ್ತದೆ.

ನಗಬೇಡಿ. ನಾನು ನಗುತ್ತಿಲ್ಲ.

ನಿಮ್ಮ ಸೊಸೆ


ಏಪ್ರಿಲ್ 29

ನಲ್ಲಿಯ ವಿಷಯದಲ್ಲಿ ನೀನು ಹೇಳಿದ್ದೆಲ್ಲ ನಿಜ. ನಮ್ಮ ಮನೆಯ ನಲ್ಲಿಯೂ ತೊಟ್ಟಿಕ್ಕುತ್ತಲೇ ಇದೆ.

ಆದರೆ ಫ್ರಿಜ್ಜಿನ ಕೆಲಸ ಬೇರೆ. ಅದರಲ್ಲಿ ಅವನು ಹಾಗಲ್ಲ. ಹೆತ್ತವಳ ಮಾತು ಎಂದು ತಳ್ಳಿಹಾಕುವಿ, ಹಾಕು. ಒಂದು ಸಲ, ಒಂದೇ ಒಂದು ಸಲ, ಅವನು ಆಯಿತು ಎಂದದ್ದನ್ನು ಎದ್ದು ಹೋಗಿ ನೋಡದೆ ನಂಬಿ ನೋಡು. ನಿನ್ನ ಕೈಯಲ್ಲಿ ಆಗದಿದ್ದರೆ ನನಗೆ ಬರೆಯಬೇಡ.

ಅತ್ತೆ


ಜುಲೈ 2

ಅತ್ತೆ,

ಬರೆಯಬೇಡ ಎಂದಿದ್ದೀರಿ. ಬರೆಯುತ್ತಿದ್ದೇನೆ, ಏಕೆಂದರೆ ಇದು ನಿಮಗೆ ಗೊತ್ತಾಗಲೇಬೇಕು.

ಮೇ ತಿಂಗಳ ಮೊದಲ ವಾರ ಪಂಪುಗಳನ್ನು ನಿಲ್ಲಿಸಿದೆ. ಅದಕ್ಕೆ ಮುಂಚೆ ಆ ಕಣಿವೆಯನ್ನು ಅಳೆಯಬಹುದಾದ ರೀತಿಯಲ್ಲೆಲ್ಲ ಅಳೆದಿಟ್ಟುಕೊಂಡೆ. ಫ್ರಿಜ್ ಬೆಚ್ಚಗಾಗಲು ಬಿಟ್ಟು ಮನೆಗೆ ಬಂದು ಮಲಗಿದೆ, ನಿದ್ದೆಯೂ ಬಂತು. ಅದೇ ನನಗೆ ಆಶ್ಚರ್ಯ.

ಒಂದರೊಳಗೊಂದು ಕೂತ ಲೋಹದ ಡಬ್ಬಿಗಳನ್ನು ಬಿಚ್ಚಿ, ಕಾಲು ಮಡಚಿ ನೆಲದ ಮೇಲೆ ಕೂತು, ಟಾರ್ಚ್ ಹಿಡಿದು ಕೊನೆಯ ತಟ್ಟೆಯ ಅಡಿಗೆ ನೋಡಿದೆ. ಎಲ್ಲ ಗೂಟಗಳಿಗೂ ತಂತಿ ಸುತ್ತಿತ್ತು. ಎಳೆ ಪಕ್ಕ ಎಳೆ, ಒಂದರ ಮೇಲೊಂದು ಏರದ ಹಾಗೆ. ಅಂಟು ಸಣ್ಣಗೆ, ಎಲ್ಲೂ ತೊಟ್ಟಿಕ್ಕದ ಹಾಗೆ. ತುದಿಗಳನ್ನು ಹಲ್ಲಿನ ಸಂದಿ ಶುಚಿ ಮಾಡುವ ದಾರದಿಂದ ಕಟ್ಟಿದ್ದಾನೆ. ಎಷ್ಟು ತಣ್ಣಗಾದರೂ ಆ ದಾರ ಕಡಿಯುವುದಿಲ್ಲ, ಈ ಕೆಲಸ ಮಾಡುವವರೆಲ್ಲ ಅದನ್ನೇ ಬಳಸುತ್ತಾರೆ. ನಕಾಶೆಯಲ್ಲಿ ಕೇಳಿದ್ದಕ್ಕಿಂತ ಹೆಚ್ಚೇ ಸುತ್ತಿದ್ದಾನೆ. ನಾನು ಸುತ್ತಿದ್ದರೆ ಅಷ್ಟು ಚೆನ್ನಾಗಿ ಬರುತ್ತಿರಲಿಲ್ಲ.

ಯಾವ ತಿಂಗಳು ಅವನು ಅಲ್ಲಿ ಕೂತು ಇದನ್ನು ಮಾಡಿದ್ದು ಎಂದು ನೀವು ನೆನಪಿಸಿದ್ದಿರಿ. ಆ ತಿಂಗಳು ನಮ್ಮ ಮನೆಯಲ್ಲಿ ಯಾರಿಗೂ ಯಾವುದೂ ಬೇಡವಾಗಿತ್ತು ಎಂದು ನಾನು ತಿಳಿದಿದ್ದೆ. ಟಾರ್ಚ್ ಆರಿಸದೆ ಸುತ್ತುಗಳನ್ನು ಮತ್ತೊಮ್ಮೆ ಎಣಿಸಿದೆ.

ನಿಮ್ಮ ಮಗ ಹೇಳಿದ್ದು ನಿಜ. ಅಂದರೆ ಎಲೆಕ್ಟ್ರಾನುಗಳು ತಣ್ಣಗೇ ಇದ್ದವು. ಏರುವುದು ನಿಂತದ್ದು ಚುಕ್ಕಿಯದೇ ಗುಣ.

ಆದರೆ ಆ ಚುಕ್ಕಿ ಈಗ ಇಲ್ಲ. ಅದೇ ಚಿಪ್ ಹಾಕಿ ಮತ್ತೆ ತಣ್ಣಗೆ ಮಾಡಿದೆವು. ಸಮಸಂಖ್ಯೆಯ ಕಣಿವೆಗಳೆಲ್ಲ ಪುಸ್ತಕದಲ್ಲಿದ್ದ ಹಾಗೆ ಶಿಸ್ತಾಗಿ ಮುಚ್ಚಿಕೊಂಡಿವೆ. ಎರಡನೆಯ ಸಲ ಬೆಚ್ಚಗೆ ಮಾಡಿ ತಣ್ಣಗೆ ಮಾಡಿದೆ. ಆಗಲೂ ಅಷ್ಟೇ.

ನೀವು ಸಿಟ್ಟಾಗಿದ್ದರೆ ಅದಕ್ಕೆ ಕಾರಣವಿದೆ. ತೆಗೆದದ್ದು ತಪ್ಪೆಂದು ಮಾತ್ರ ನನ್ನ ಬಾಯಲ್ಲಿ ಬರುತ್ತಿಲ್ಲ.

ಸೊಸೆ


ಜುಲೈ 13

ನಿನಗೆ,

ಅಮ್ಮ ನಿನ್ನ ಪತ್ರವನ್ನು ನನ್ನ ಕೈಗೆ ಕೊಟ್ಟು ಹೊರಗೆ ಹೋದಳು. ಓದಲಿ ಎಂದೇ ಕೊಟ್ಟದ್ದು ಅಂತ ಓದಿದೆ. ತಪ್ಪಾಗಿದ್ದರೆ ಕ್ಷಮಿಸು.

ಅವಳು ಏಪ್ರಿಲಿನಲ್ಲಿ ಕೇಳಿದಾಗ ನಾನು ಹೇಳಿದ್ದು ಎರಡು ಮಾತು. ಎಲ್ಲ ಸುತ್ತಿದ್ದೇನೆ ಎಂಬುದು ಒಂದು. "ಆದರೆ ನನ್ನ ಮಾತಿನ ಮೇಲೆ ಬಿಡಬೇಡ, ತೆಗೆದೇ ನೋಡಲಿ, ಇಂಥದ್ದನ್ನ ಬಾಯಿಮಾತಲ್ಲಿ ಹೇಳೋಕಾಗಲ್ಲ" ಎಂಬುದು ಇನ್ನೊಂದು. ನಿನ್ನ ಪತ್ರದಲ್ಲಿ ಎರಡನೆಯದರ ಸುಳಿವೇ ಇಲ್ಲ. ನಿನಗೆ ತಲುಪಿಲ್ಲ ಎಂದು ಕಾಣುತ್ತದೆ.

ಚುಕ್ಕಿ ಹೋದದ್ದು ಬೇಸರವಾಯಿತು. ಕಾಂತಕ್ಷೇತ್ರವನ್ನು ಚಿಪ್ಪಿಗೆ ಓರೆಯಾಗಿ ಕೊಟ್ಟು ಅಳೆದಿದ್ದೆಯಾ? ಅಳೆದಿದ್ದರೆ ಆ ಅಂಕಿಗಳನ್ನು ನೋಡುವ ಆಸೆ ಇದೆ. ಕೊಡಲೇಬೇಕೆಂದಿಲ್ಲ.

(ಸಹಿ ಏನು ಹಾಕಬೇಕೋ ತಿಳಿಯದೆ ಬಿಟ್ಟಿದ್ದೇನೆ.)


ಜುಲೈ 18

ಅತ್ತೆ,

ನಿಮ್ಮ ಮಗನ ಮಾತಿನ ಇನ್ನರ್ಧ ಎಲ್ಲಿ?

ಸೊಸೆ


ಜುಲೈ 27

ಹುಡುಗಿ,

ಇನ್ನರ್ಧ ನನ್ನ ಹತ್ತಿರವೇ ಇತ್ತು. ಬೇಕೆಂದೇ ಇಟ್ಟುಕೊಂಡೆ.

ನನ್ನ ಕೆಲಸದಲ್ಲಿ ಒಂದು ಕಟ್ಟುಪಾಡಿತ್ತು. ಒಬ್ಬರು ಹೇಳಿದ ಸಂದೇಶವನ್ನು ಇನ್ನೊಬ್ಬರಿಗೆ ಮುಟ್ಟಿಸುವಾಗ ಸೇರಿಸಬಾರದು, ಬಿಡಬಾರದು. ಸಾವಿನ ಸುದ್ದಿ ಇರಲಿ, ಬೈಗುಳ ಇರಲಿ, ಹೇಳಿದ್ದು ಹೇಳಿದ ಹಾಗೆ. ನಾನು ಹಾಗೇ ನಡೆದುಕೊಂಡವಳು. ಈ ಒಂದು ಸಲ ಬಿಟ್ಟೆ. ನಿನ್ನೆ ಅವನು ನನ್ನ ಎದುರಿಗೆ ಕುರ್ಚಿ ಎಳೆದು ಕೂತ.

"ಯಾಕಮ್ಮಾ ಪೂರ್ತಿ ಬರೀಲಿಲ್ಲ?"

"ಪೂರ್ತಿ ಬರೆದಿದ್ರೆ ಅವಳು ಮಾರನೇ ದಿನಾನೇ ತೆಗೀತಿದ್ಲು."

"ತೆಗೀಲಿ ಅಂತಾನೇ ಅಲ್ವಾ ನಾನಂದಿದ್ದು."

"ನೀನಂದೆ. ನಂಗೆ ಬೇಕಾಗಿದ್ದು ಅವಳು ನಿನ್ನ ನಂಬೋದು."

ಅವನು ನಕ್ಕುಬಿಟ್ಟ. "ನಾವಿಬ್ರೂ ಒಂದೇ ಮಾತು ಹೇಳಿದೀವಿ, ಜಗಳ ಆಡಿದ್ದು ನೀನು" ಎಂದ.

ನನಗೆ ನಗು ಬರಲಿಲ್ಲ. ಇಷ್ಟು ವರ್ಷ ನಿಮ್ಮಿಬ್ಬರ ನಡುವೆ ನಂಬಿಕೆ ಇಲ್ಲ, ಅದಕ್ಕೇ ಕೆಟ್ಟಿತು ಎಂದುಕೊಂಡಿದ್ದೆ. ತೆಗೆದು ನೋಡು ಎನ್ನುವವನೂ ತೆಗೆದು ನೋಡುವವಳೂ ಸೇರಿದ್ದಾಗ ಕೆಟ್ಟದ್ದು ಇನ್ನೇನಿಂದ? ನನಗೆ ತಿಳಿಯುತ್ತಿಲ್ಲ. ನಿನಗೆ ತಿಳಿದಿದ್ದರೂ ಬರೆಯಬೇಕಾಗಿಲ್ಲ.

ನಿನ್ನ ಚುಕ್ಕಿ ಹೋದದ್ದಕ್ಕೆ ಮಾತ್ರ ಹೊಟ್ಟೆ ಉರಿಯುತ್ತಿದೆ. ಈಗ ಸಭೆಯಲ್ಲಿ ಏನು ಹೇಳುವಿ?

ಅತ್ತೆ


ಆಗಸ್ಟ್ 6

ಅತ್ತೆ,

ಸಭೆಯಲ್ಲಿ ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ. ಒಂದು ಚುಕ್ಕಿಯಲ್ಲಿ, ಒಂದೇ ಸಲ, ಸಮಸಂಖ್ಯೆಯ ಕಣಿವೆ ತೆರೆದು, ಏರಿ, ನಿಂತಿತು. ಎಲೆಕ್ಟ್ರಾನುಗಳು ತಣ್ಣಗಿದ್ದವು, ತಂತಿಗಳನ್ನು ಬಿಚ್ಚಿ ನೋಡಿದ್ದೇವೆ. ಮತ್ತೆ ಸಿಕ್ಕಿಲ್ಲ. ಕಾರಣ ಗೊತ್ತಿಲ್ಲ. ಕೆಲವರು ನಂಬುವುದಿಲ್ಲ, ಅವರ ಜಾಗದಲ್ಲಿ ನಾನಿದ್ದರೆ ನಾನೂ ನಂಬುತ್ತಿರಲಿಲ್ಲ. ಯಾರಾದರೂ ಒಬ್ಬರು ತಮ್ಮ ಹಳೆಯ ಅಂಕಿಗಳನ್ನು ಮತ್ತೊಮ್ಮೆ ತಿರುವಿ ಹಾಕಿದರೆ ಸಾಕು. ನಾನಂತೂ ಹೊಸ ಚಿಪ್‌ಗಳಿಗೆ ಹೇಳಿ ಆಗಿದೆ. ಮೊದಲು ಬಂದ ಒಂದನ್ನು ಕಳೆದ ವಾರ ತಣ್ಣಗೆ ಮಾಡಲು ಹಾಕಿದೆ. ಅದರ ಕಣಿವೆಗಳು ಹೇಗಿರುತ್ತವೋ ಎಂದು ಬೆಳಿಗ್ಗೆ ಬೇಗ ಎಚ್ಚರವಾಗುತ್ತಿದೆ.

ತಂತಿಯ ಕೆಲಸ ಯಾರದೆಂದು ಸಭೆಯಲ್ಲಿ ಹೆಸರು ಹೇಳುತ್ತೇನೆ. ಓರೆ ಕಾಂತಕ್ಷೇತ್ರದ ಅಂಕಿಗಳನ್ನು ಅವನಿಗೆ ಇವತ್ತೇ ಕಳಿಸಿದೆ, ಬೇರೆ ಲಕೋಟೆಯಲ್ಲಿ, ಅವನ ಹೆಸರಿಗೇ. ಇನ್ನು ಮುಂದೆ ತಂತಿಯ ವಿಷಯ ಅವನನ್ನೇ ಕೇಳುತ್ತೇನೆ. ನಮ್ಮಿಬ್ಬರ ಪತ್ರದಲ್ಲಿ ಅದು ಬೇಡ. ಕೆಟ್ಟದ್ದು ಇನ್ನೇನಿಂದ ಎಂದು ಕೇಳಿದಿರಿ. ನನಗೂ ಗೊತ್ತಿಲ್ಲ. ಯೋಚಿಸುತ್ತಿದ್ದೇನೆ.

ನಿಮ್ಮನ್ನು ಕೇಳಬೇಕಾದದ್ದು ಬೇರೆ ಬಹಳ ಇದೆ. ಸದ್ಯಕ್ಕೆ ಒಂದು. ಏಪ್ರಿಲಿನಲ್ಲಿ ನಾನು ಆ ಅರ್ಧ ಮಾತನ್ನು ನಂಬಿ, ಫ್ರಿಜ್ ತೆಗೆಯದೆ, ಸಭೆಗೆ ಹೋಗಿ ಧೈರ್ಯವಾಗಿ ಮಾತಾಡಿ ಬಂದಿದ್ದರೆ, ನನ್ನ ಬಗ್ಗೆ ನೀವು ಏನೆಂದುಕೊಳ್ಳುತ್ತಿದ್ದಿರಿ?

ನಿಮ್ಮ ಸೊಸೆ